ಹುಬ್ಬಳ್ಳಿಯಿಂದ ಗಡಿಬಿಡಿ ಇಲ್ಲದ ಒಂದು ದಿನ: ಲಕ್ಷ್ಮೇಶ್ವರ, ಆಮೇಲೆ ಮಾಗಡಿ ಕೆರೆ

ನೀವು ಕೇಳಿದ್ದು ಇಷ್ಟು: ಡಿಸೆಂಬರ್ ಕೊನೆಗೆ ಹುಬ್ಬಳ್ಳಿಗೆ ಬರುತ್ತೀರಿ, ಜೊತೆಗೆ ಅಪ್ಪ ಅಮ್ಮ ಇರುತ್ತಾರೆ, ಒಂದು ದಿನ ಖಾಲಿ ಇದೆ. ಚಿಕ್ಕ ಊರೊಂದನ್ನು ನಿಧಾನಕ್ಕೆ ನೋಡಬೇಕು, ಹತ್ತಿರದಲ್ಲೇ ಪ್ರಾಣಿ ಪಕ್ಷಿ ಸಿಗಬೇಕು, ಅಮ್ಮನಿಗೆ ಮಂಡಿ ನೋವು, ಹಾಗಾಗಿ ಹತ್ತೋದು ಇಳಿಯೋದು ಬೇಡ.

ನಾನು ಹುಬ್ಬಳ್ಳಿಯವನು. ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇದೆ: ಲಕ್ಷ್ಮೇಶ್ವರಕ್ಕೆ ಹೋಗಿ, ಸಂಜೆ ಹೊತ್ತಿಗೆ ಮಾಗಡಿ ಕೆರೆ ದಂಡೆಯಲ್ಲಿ ಕೂತಿರಿ. ಎರಡೂ ಗದಗ ಜಿಲ್ಲೆಯಲ್ಲಿವೆ. ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರ ಸುಮಾರು 55 ಕಿ.ಮೀ., ಅಲ್ಲಿಂದ ಮಾಗಡಿ ಹತ್ತಿರವೇ. ಮ್ಯಾಪಿನಲ್ಲಿ ಬರೀ ಮಾಗಡಿ ಅಂತ ಹುಡುಕಬೇಡಿ, ಬೆಂಗಳೂರು ಕಡೆಯ ಮಾಗಡಿಗೆ ದಾರಿ ತೋರಿಸುತ್ತದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಅಂತ ನೋಡಿಕೊಳ್ಳಿ.

ಬೆಳಿಗ್ಗೆ ಬೇಗ ಏಳುವ ಅಗತ್ಯ ಇಲ್ಲ. ಆರಾಮಾಗಿ ತಿಂಡಿ ತಿಂದು ಒಂಬತ್ತಕ್ಕೆ ಹೊರಟರೂ ಸಾಕು. ಊರು ದಾಟಿದ ಮೇಲೆ ಎರೆ ಹೊಲಗಳು ಶುರುವಾಗುತ್ತವೆ. ಆ ತಿಂಗಳಲ್ಲಿ ಕಡಲೆ, ಬಿಳಿಜೋಳ ಎರಡೂ ಹೊಲದಲ್ಲೇ ಇರುತ್ತವೆ. ನಿಮ್ಮಪ್ಪ ಹಳ್ಳಿಯಲ್ಲಿ ಬೆಳೆದವರಾದರೆ ಕಾರು ನಿಲ್ಲಿಸಿ ಅನ್ನುತ್ತಾರೆ, ನಿಲ್ಲಿಸಿ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಈ ಹೆಸರು ಕೇಳಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. 9ನೇ ಶತಮಾನದ ಕವಿರಾಜಮಾರ್ಗದಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಈ ನಾಲ್ಕು ಊರುಗಳ ನಡುವಿನ ಸೀಮೆಯನ್ನೇ ಕನ್ನಡದ ತಿರುಳು ಅಂದಿದ್ದಾರೆ. ಅದಾದ ಸುಮಾರು ನೂರು ವರ್ಷಕ್ಕೆ ಪಂಪ, ತಾನು ಬರೆದದ್ದು ಪುಲಿಗೆರೆಯ ತಿರುಳುಗನ್ನಡದಲ್ಲಿ ಅಂತ ಹೇಳಿಕೊಂಡ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಊರು ಇದೇ ನೋಡಿ. ಈಗ ಬಸ್ ಸ್ಟ್ಯಾಂಡು, ಸಂತೆ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ ಇರುವ ಸಾಧಾರಣ ಊರು. ಊರೊಳಗೆ ನಡೆಯುವಾಗ ಅಕ್ಕಪಕ್ಕದ ಮಾತಿಗೆ ಕಿವಿ ಕೊಡಿ. ಅಂಗಡಿ ಮುಂದೆ ಇಬ್ಬರು ಹೆಣ್ಣುಮಕ್ಕಳು ಮೆಣಸಿನಕಾಯಿ ರೇಟಿಗೆ ಜಗಳ ಆಡುತ್ತಿದ್ದರೂ ನಿಂತು ಕೇಳಬೇಕು ಅನ್ನಿಸುತ್ತದೆ.

ಮೊದಲು ಸೋಮೇಶ್ವರ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು. ಸುತ್ತ ಕೋಟೆಯಂಥ ಎತ್ತರದ ಗೋಡೆ, ಒಳಗೆ ವಿಶಾಲವಾದ ಅಂಗಳ, ಗೋಡೆಗುಂಟ ಸಣ್ಣ ಸಣ್ಣ ಗುಡಿಗಳು. ಗರ್ಭಗುಡಿಯಲ್ಲಿ ಬರೀ ಲಿಂಗ ಇರುತ್ತದೆ ಅಂದುಕೊಂಡು ಒಳಗೆ ಹೋದರೆ, ಶಿವ ಪಾರ್ವತಿ ಇಬ್ಬರೂ ನಂದಿಯ ಮೇಲೆ ಕೂತಿದ್ದಾರೆ. ಸೌರಾಷ್ಟ್ರದಿಂದ ಬಂದ ಆದಯ್ಯ ಅನ್ನುವ ಶರಣ ಈ ಸೋಮನಾಥನನ್ನು ಇಲ್ಲಿಗೆ ತಂದ ಅನ್ನೋದು ಕಥೆ. ಆದಯ್ಯ ವ್ಯಾಪಾರಕ್ಕೆ ಅಂತ ಪುಲಿಗೆರೆಗೆ ಬಂದವನು, ಇಲ್ಲಿಯ ಜೈನ ಹುಡುಗಿ ಪದ್ಮಾವತಿಯನ್ನು ಮದುವೆಯಾಗಿ ಇಲ್ಲಿಯೇ ಉಳಿದ. ಅವನು ಬರೆದ ವಚನಗಳೂ ಇವೆ. ದರ್ಶನ ಮುಗಿಸಿ ತಕ್ಷಣ ಹೊರಗೆ ಬರಬೇಡಿ. ಕಂಬದ ನೆರಳಲ್ಲಿ ಒಂದರ್ಧ ತಾಸು ಕೂತುಕೊಳ್ಳಿ. ಕಲ್ಲು ಆ ಹೊತ್ತಿಗೆ ತಣ್ಣಗೇ ಇರುತ್ತದೆ. ನಾನು ಹೋದಾಗ ಒಬ್ಬ ಅಜ್ಜಿ ಕಂಬಕ್ಕೆ ಬೆನ್ನು ಕೊಟ್ಟು ಹೂಬತ್ತಿ ಹೊಸೆಯುತ್ತಿದ್ದರು. ಅಂಗೈಗೆ ಸ್ವಲ್ಪ ವಿಭೂತಿ ಹಚ್ಚಿಕೊಂಡು, ಅರಳೆ ಎಳೆದು, ಒಂದು ತಿರುವು ಕೊಟ್ಟು ಇಡೋದು, ಮತ್ತೆ ಎಳೆಯೋದು. ಪಕ್ಕದಲ್ಲಿ ಸ್ಟೀಲ್ ಡಬ್ಬಿ ತುಂಬುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ನನ್ನ ಕಡೆ ನೋಡಿ "ಯಾವೂರಪಾ?" ಅಂದರು.

ಅಲ್ಲಿಂದ ಶಂಖ ಬಸದಿ. ಇದನ್ನು ಬಿಡಲೇಬೇಡಿ. ನೇಮಿನಾಥ ತೀರ್ಥಂಕರರ ಬಸದಿ, ಶಂಖ ಅವರ ಲಾಂಛನ, ಅದಕ್ಕೇ ಆ ಹೆಸರು. ಒಳಗೆ ಸಹಸ್ರಕೂಟ ಅಂತ ಒಂದು ಕಲ್ಲಿದೆ. ಒಂದೇ ಕಲ್ಲಿನಲ್ಲಿ ಸಾವಿರಕ್ಕೂ ಜಾಸ್ತಿ ಪುಟ್ಟ ಪುಟ್ಟ ಜಿನಬಿಂಬಗಳು, ಸಾಲು ಸಾಲಾಗಿ. ದೂರದಿಂದ ನೋಡಿದರೆ ಜೋಳದ ತೆನೆ ನೆನಪಾಗುತ್ತದೆ. ಹತ್ತಿರ ಹೋದರೆ ಕಾಳು ಕಾಳಿಗೂ ಒಂದು ಮುಖ. ಹೊತ್ತು ಇದ್ದರೆ ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ, ದೂದನಾನಾ ದರ್ಗಾ ಎರಡೂ ಊರಲ್ಲೇ ಇವೆ.

ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಖಾನಾವಳಿಗೆ ಹೋಗಿ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಅಮ್ಮನಿಗೆ ಖಾರ ಆಗದಿದ್ದರೆ ಮೊದಲೇ ಹೇಳಿ, ನಮ್ಮ ಕಡೆ ಖಾರ ಸ್ವಲ್ಪ ಜಾಸ್ತಿಯೇ. ಹೊರಡುವಾಗ ಮಂಡಕ್ಕಿ, ಬಾಳೆಹಣ್ಣು, ನೀರು ಕಟ್ಟಿಸಿಕೊಳ್ಳಿ. ಕೆರೆ ಹತ್ತಿರ ಏನಾದರೂ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಈಗ ಕೆರೆ. ಇಡೀ ದಿನದಲ್ಲಿ ನಾನು ನಿಮಗೆ ಒತ್ತಿ ಹೇಳೋದು ಒಂದೇ ಮಾತು: ಮಾಗಡಿಗೆ ಸಂಜೆ ಹೋಗಿ, ಮತ್ತು ಕತ್ತಲಾಗುವವರೆಗೆ ಅಲ್ಲೇ ಇರಿ.

ಯಾಕೆ ಅಂದರೆ ಅಲ್ಲಿಯ ಮುಖ್ಯ ಅತಿಥಿಗಳು ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಕಪ್ಪು ಮಸಿಯಲ್ಲಿ ಎಳೆದಂತೆ ಎರಡು ಗೆರೆ. ಕೊಕ್ಕು, ಕಾಲು ಎರಡೂ ಕಿತ್ತಳೆ ಹಳದಿ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಇವು 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಮೇಲೆ ಗಾಳಿಯೇ ತೆಳು, ಆದರೆ ಇವುಗಳ ರಕ್ತಕ್ಕೆ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಗುಣ ಇದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಇವು ಹಗಲು ಹೊತ್ತು ನೀರಲ್ಲಿ, ದಂಡೆಯಲ್ಲಿ ಸುಮ್ನೆ ಇರುತ್ತವೆ. ಹೊಟ್ಟೆಪಾಡು ಎಲ್ಲ ಹೊಲದಲ್ಲಿ. ಮೀನು ಹಿಡಿಯುವ ಪಕ್ಷಿ ಅಲ್ಲ ಇದು, ಹುಲ್ಲು, ಕಾಳು, ಎಳೆ ಬೆಳೆ ಮೇಯುವ ಪಕ್ಷಿ. ಹೊತ್ತು ಮುಳುಗುವಾಗ ಗುಂಪು ಗುಂಪಾಗಿ ಹೊಲಕ್ಕೆ ಹೋಗಿ ಬೆಳಿಗ್ಗೆ ಕೆರೆಗೆ ವಾಪಸ್. ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಮಟಮಟ ಮಧ್ಯಾಹ್ನ ಹೋಗಿ, ದೂರದಲ್ಲಿ ನಿದ್ದೆ ಮಾಡುತ್ತಿದ್ದ ಬೂದು ಚುಕ್ಕೆಗಳನ್ನು ನೋಡಿ ಅರ್ಧ ತಾಸಿನಲ್ಲಿ ಹೊರಟು ಬಂದೆ. ಮರುವರ್ಷ ಸಂಜೆ ಹೋದೆ, ಆಗ ಗೊತ್ತಾಯಿತು ಏನು ಕಳೆದುಕೊಂಡಿದ್ದೆ ಅಂತ.

ನಾಲ್ಕು ಗಂಟೆಗೆ ಹೋಗಿ ಕೂತಿದ್ದೆ. ಮೊದಲು ನೀರಿನ ಮೇಲೆ ಒಂದು ಗೊಣಗಾಟ, ಸಂತೆ ಮುಗಿಯುವ ಹೊತ್ತಿಗೆ ಜನ ಗಂಟು ಕಟ್ಟುತ್ತಾ ಮಾತಾಡಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಒಂದೊಂದೇ ಕುತ್ತಿಗೆ ಮೇಲೆ ಬಂತು. ನನ್ನ ಹತ್ತಿರವೇ ಇದ್ದ ಒಂದು ಹಕ್ಕಿ ರೆಕ್ಕೆ ಬಿಚ್ಚಿ ಒದರಿ, ಎದೆಯ ಪುಕ್ಕ ತಿದ್ದಿಕೊಂಡು, ಮತ್ತೆ ರೆಕ್ಕೆ ಮಡಚಿ ಕೂತಿತು. ಮೂರು ಸಲ ಹೀಗೇ ಮಾಡಿತು. ಆಮೇಲೆ ಎಲ್ಲಿಂದಲೋ ಒಂದು ಕೂಗು, ಇಪ್ಪತ್ತು ಮೂವತ್ತು ಒಟ್ಟಿಗೆ ಎದ್ದವು. ಅವುಗಳ ಹಿಂದೆ ಮತ್ತೊಂದು ಗುಂಪು. ತಲೆ ಮೇಲೆಯೇ ಹೋದವು, ರೆಕ್ಕೆಯ ಗಾಳಿ ಸದ್ದು ಕೇಳುವಷ್ಟು ಕೆಳಗೆ. ಕೂಗುತ್ತಾ, ಗೆರೆ ಕಟ್ಟುತ್ತಾ, ಗೆರೆ ಮುರಿದು ಮತ್ತೆ ಕಟ್ಟುತ್ತಾ. ಪಶ್ಚಿಮದಲ್ಲಿ ಕೆಂಪು ಪೂರ್ತಿ ಆರುವವರೆಗೂ ಹೋಗುತ್ತಲೇ ಇದ್ದವು.

ಪಕ್ಕದಲ್ಲಿ ಎಮ್ಮೆ ಕಾಯುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದೆ, ಇವು ಹೊಲಕ್ಕೆ ಇಳಿದರೆ ನಿಮಗೆ ನಷ್ಟ ಅಲ್ವಾ ಅಂತ. "ತಿಂತಾವ್ರೀ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟ ದೂರದಿಂದ ಬರ್ತಾವ್ರೀ ಪಾಪ" ಅಂದರು. ಆ ಊರಿನವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಕೆರೆ ಇರೋದು ಸುಮಾರು 134 ಎಕರೆ, ಅಷ್ಟೆ. ಸುತ್ತಲಿನ ಹೊಲದವರು ತಡೆದುಕೊಂಡರೆ ಮಾತ್ರ ಈ ಹಕ್ಕಿಗಳು ಉಳಿಯುತ್ತವೆ. 2024ರಲ್ಲಿ ಅಘನಾಶಿನಿ, ಅಂಕಸಮುದ್ರದ ಜೊತೆ ಮಾಗಡಿಗೂ ರಾಮ್ಸಾರ್ ಮಾನ್ಯತೆ, ಅಂದರೆ ಮಹತ್ವದ ಕೆರೆ, ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಅದಕ್ಕೂ ಮುಂಚೆ ರಾಜ್ಯದಲ್ಲಿ ರಂಗನತಿಟ್ಟಿಗೆ ಮಾತ್ರ ಅದು ಇತ್ತು.

ಒಂದು ಬೇಡಿಕೆ. ಕೆಲವರು ಹಾರೋದನ್ನು ಫೋಟೋ ತೆಗೆಯೋಕೆ ಚಪ್ಪಾಳೆ ಹೊಡೆದು, ಕಲ್ಲು ಎಸೆದು ಎಬ್ಬಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರ ಹಾರಿ ಬಂದು ಹಗಲು ಸುಧಾರಿಸಿಕೊಳ್ಳುವ ಜೀವ ಅದು. ಕಾಯುವ ತಾಳ್ಮೆ ಇದ್ದರೆ ತಾವೇ ಏಳುತ್ತವೆ. ಮಕ್ಕಳು ಯಾರಾದರೂ ಜೊತೆಗಿದ್ದರೆ ಮೊದಲೇ ತಿಳಿಸಿ ಹೇಳಿ. ಬೈನಾಕ್ಯುಲರ್ ಇದ್ದರೆ ತನ್ನಿ, ಕಂದು ಬಾತು, ಸೂಜಿಬಾಲದ ಬಾತು, ನಾಮಗೋಳಿ, ಮೆಟ್ಟುಗಾಲು ಹಕ್ಕಿಗಳನ್ನೂ ನೋಡಬಹುದು.

ಕಪ್ಪತಗುಡ್ಡ ಹತ್ತಿರ ಇದೆಯಲ್ಲ, ಅದನ್ನೂ ಸೇರಿಸೋಣ ಅಂತ ಯಾರಾದರೂ ಹೇಳಿದರೆ ಈ ಸಲ ಬೇಡ ಅನ್ನಿ, ಅದಕ್ಕೆ ಬೇರೆ ದಿನವೇ ಬೇಕು. ಹೋಗುವ ಮುಂಚೆ ಈ ವರ್ಷ ಕೆರೆಯಲ್ಲಿ ನೀರು ಎಷ್ಟಿದೆ ಅಂತ ಮಾತ್ರ ಆ ಕಡೆಯವರನ್ನು ವಿಚಾರಿಸಿಕೊಳ್ಳಿ, ಮಳೆ ಕೈಕೊಟ್ಟ ವರ್ಷ ಹಕ್ಕಿ ಕಡಿಮೆ.

ಅಮ್ಮನಿಗೆ ಮಡಚುವ ಕುರ್ಚಿ ಒಂದು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಅಪ್ಪನಿಗೆ ಸ್ವೆಟರ್. ಹೊತ್ತು ಮುಳುಗುತ್ತಲೇ ನೀರಿನ ಕಡೆಯಿಂದ ಥಂಡಿ ಗಾಳಿ ಬೀಸುತ್ತದೆ. ಕುರ್ಚಿಯ ಮುಖ ಪಶ್ಚಿಮಕ್ಕೆ ಇರಲಿ.