ವೀಸಾ 2031ರವರೆಗೆ ಇದೆ, ಅಮ್ಮ ಇನ್ನೆರಡು ತಿಂಗಳು ಇರಬಹುದೇ?

ಪ್ರಶ್ನೆ: ನನ್ನ ಬಾಣಂತನಕ್ಕೆಂದು ಅಮ್ಮ ಮಾರ್ಚ್ 12ರಂದು ಶಿವಮೊಗ್ಗದಿಂದ ಡಲ್ಲಾಸ್‌ಗೆ ಬಂದಿದ್ದಾರೆ. ಅವರ ಬಿ-2 (ಪ್ರವಾಸಿ) ವೀಸಾ 2031ರವರೆಗೆ ಇದೆ. ದೀಪಾವಳಿ ಮುಗಿಸಿಕೊಂಡೇ ಹೋಗಲಿ ಎಂದು ನಮ್ಮಾಸೆ. ಅವಧಿ ಮುಗಿದ ಮೇಲೂ 180 ದಿನ ಇರಬಹುದು, ಏನೂ ಆಗುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಮಗುವಿನ ಸಂತಸಕ್ಕೆ ಅಭಿನಂದನೆ. ಆದರೆ 2031 ಅನ್ನೋದನ್ನು ಸದ್ಯಕ್ಕೆ ಮರೆತುಬಿಡಿ. ವೀಸಾ ಮೇಲಿನ ಆ ತಾರೀಖು ಅಮೆರಿಕದ ಬಾಗಿಲು ತಟ್ಟಲು ಇರುವ ಗಡುವು ಅಷ್ಟೆ. ಒಳಗೆ ಎಷ್ಟು ದಿನ ಇರಬಹುದು ಎಂಬುದು ವಿಮಾನ ನಿಲ್ದಾಣದ ಅಧಿಕಾರಿ ಕೊಟ್ಟ ಐ-94 ದಾಖಲೆಯಲ್ಲಿರುತ್ತದೆ. ಈಗಲೇ ಐ-94 ಜಾಲತಾಣಕ್ಕೆ ಹೋಗಿ ಅಮ್ಮನ ಹೆಸರು, ಪಾಸ್‌ಪೋರ್ಟ್ ನಂಬರ್ ಹಾಕಿ ನೋಡಿ. ಸಾಮಾನ್ಯವಾಗಿ ಸೆಪ್ಟೆಂಬರ್ 11 ಎಂದಿರುತ್ತದೆ. ಪಾಸ್‌ಪೋರ್ಟ್ ಬೇಗ ಮುಗಿಯುವವರಿಗೆ ಇನ್ನೂ ಹಿಂದಿನ ತಾರೀಖು ಕೊಟ್ಟಿರುವುದೂ ಉಂಟು, ಹಾಗಾಗಿ ಬೆರಳೆಣಿಸಿ ಲೆಕ್ಕ ಹಾಕಬೇಡಿ.

ನಿಮ್ಮ ಪರಿಚಯದವರ ಮಾತು ಅರ್ಧ ನಿಜ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ 10 ವರ್ಷ ಅಮೆರಿಕಕ್ಕೆ ಬರುವಂತಿಲ್ಲ. ಅವರು ಕೇಳಿರುವುದು ಇಷ್ಟೇ ಇರಬೇಕು. ಆದರೆ ಐ-94 ಗಡುವು ಒಂದೇ ದಿನ ಮೀರಿದರೂ ವಲಸೆ ಕಾನೂನಿನ 222(ಜಿ) ಕಲಮಿನ ಪ್ರಕಾರ ಆ ವೀಸಾ ತಾನಾಗಿಯೇ ರದ್ದು. ಮನೆಗೆ ನೋಟಿಸು ಬರುವುದಿಲ್ಲ, ಪಾಸ್‌ಪೋರ್ಟಿನ ಸ್ಟಿಕ್ಕರು ಹಾಗೇ ಇರುತ್ತದೆ. ಎರಡನೇ ಮೊಮ್ಮಗು ನೋಡಲು ಬಂದಿಳಿದಾಗ ವಿಷಯ ಗೊತ್ತಾಗುತ್ತದೆ. ಹೊರಡುವಾಗ ಯಾರೂ ಸೀಲ್ ಹಾಕುವುದಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಪ್ರಯಾಣಿಕರ ಪಟ್ಟಿಯನ್ನು ವಿಮಾನ ಕಂಪನಿಯೇ ಸರ್ಕಾರಕ್ಕೆ ಕಳಿಸಿಬಿಡುತ್ತದೆ. ಹೊಸ ವೀಸಾಕ್ಕೆ ಡಿಎಸ್-160 ಅರ್ಜಿ ತುಂಬುವಾಗಲೂ ಇದನ್ನು ಕೇಳುತ್ತಾರೆ, ಅಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ಶಾಶ್ವತ ನಿಷೇಧದವರೆಗೂ ಹೋಗಬಹುದು.

ದೀಪಾವಳಿಗೆ ಅಮ್ಮ ಇರಲೇಬೇಕೆಂದರೆ ವಾಸದ ಅವಧಿ ವಿಸ್ತರಣೆಗೆ ಐ-539 ಅರ್ಜಿ ಹಾಕಿ. ಗಡುವಿಗೆ ಕನಿಷ್ಠ 45 ದಿನ ಮೊದಲೇ ಹಾಕಿ ಎಂಬುದು ವಲಸೆ ಇಲಾಖೆಯದ್ದೇ ಸಲಹೆ. ಸೆಪ್ಟೆಂಬರ್ 11 ದಾಟಿದರೆ, ಆಸ್ಪತ್ರೆ ವಾಸದಂಥ ಬಲವಾದ ಕಾರಣವಿಲ್ಲದೆ ಸ್ವೀಕರಿಸುವುದು ಕಷ್ಟ. ಯಾಕೆ ಇರಬೇಕು, ಖರ್ಚು ಯಾರದು, ಯಾವಾಗ ಹೊರಡುತ್ತಾರೆ, ಇವಿಷ್ಟನ್ನು ನೇರವಾಗಿ ಬರೆದು ವಾಪಸ್ ಟಿಕೆಟ್ ಲಗತ್ತಿಸಿ. ಸಮಯಕ್ಕೆ ಸರಿಯಾಗಿ ಹಾಕಿದ ಅರ್ಜಿ ಇತ್ಯರ್ಥವಾಗುವವರೆಗೆ ಆ 180 ದಿನಗಳ ಲೆಕ್ಕ ಶುರುವಾಗುವುದಿಲ್ಲ. ತಿರಸ್ಕಾರವಾದರೆ ಮರುದಿನದಿಂದಲೇ ಶುರು, ತಡಮಾಡದೆ ಹೊರಡಬೇಕು.

ಕೆನಡಾಕ್ಕೆ ಹೋಗಿ ನಯಾಗರ ನೋಡಿಕೊಂಡು ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದೂ ಯಾರಾದರೂ ಹೇಳಿಯಾರು, ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನೊಂದು: ಸ್ವಂತ ಮೊಮ್ಮಗುವಿಗೆ ಎಣ್ಣೆ ನೀರು ಹಾಕಲು ಯಾರ ಅಪ್ಪಣೆಯೂ ಬೇಡ, ಆದರೆ ಪಕ್ಕದ ಮನೆ ಮಗುವನ್ನೂ ನೋಡಿಕೊಂಡು ನಾಲ್ಕು ಡಾಲರ್ ಪಡೆದರೆ ಅದು ಕೆಲಸವೆನಿಸಿ, ವಿಸ್ತರಣೆ ಅರ್ಜಿಗೇ ಕುತ್ತು.

ಅಮ್ಮ ಊರು ತಲುಪಿದ ಮೇಲೆ ಬೋರ್ಡಿಂಗ್ ಪಾಸನ್ನು ಎಸೆಯಬೇಡಿ, ಹೊರಟ ದಿನಕ್ಕೆ ಪುರಾವೆಯಾಗಿ ಅರ್ಜಿಯ ರಸೀದಿ ಜೊತೆ ಪಾಸ್‌ಪೋರ್ಟಿನಲ್ಲೇ ಇಟ್ಟಿರಲಿ.