ಲಾಕ್‌ಡೌನ್ ದಿನಗಳಲ್ಲಿ ಮನಸ್ಸಿಗೆ ಒದಗಿದ್ದು ದೊಡ್ಡ ಉದ್ಯಾನವಲ್ಲ, ಹತ್ತಿರದ ಹಸಿರು

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಕೋವಿಡ್ ಕಾಲದ ನಿರ್ಬಂಧಗಳ ನಡುವೆ ನಗರಗಳ ಉದ್ಯಾನಗಳೂ ಮರಗಳೂ ಜನರ ಒತ್ತಡವನ್ನು ನಿಜವಾಗಿ ತಗ್ಗಿಸಿದವೇ, ಇಲ್ಲವೇ ಅದು ಕೇಳಲು ಹಿತವಾದ ನಂಬಿಕೆ ಮಾತ್ರವೇ ಎಂಬುದು ಮೊದಲನೆಯದು. ಮುಂದೆಂದಾದರೂ ಮತ್ತೆ ಮನೆಯೊಳಗೇ ಉಳಿಯಬೇಕಾಗಿ ಬಂದರೆ, ಸಮೀಪದಲ್ಲಿ ಪಾರ್ಕ್ ಇಲ್ಲದ ಸಣ್ಣ ಬಾಡಿಗೆ ಮನೆಯಲ್ಲಿರುವ ನಿಮ್ಮಂಥವರು ಏನು ಮಾಡಬಹುದು ಎಂಬುದು ಎರಡನೆಯದು. ನಾನು ನಗರದ ಬಯಲು ಜಾಗಗಳ ಯೋಜನೆಗೆ ಸಂಬಂಧಿಸಿದ ಕೆಲಸದಲ್ಲಿರುವವಳು, ವೈದ್ಯೆಯಲ್ಲ. ನನ್ನ ಮಾತುಗಳನ್ನು ಆ ಮಿತಿಯಲ್ಲೇ ಓದಬೇಕೆಂದು ಕೋರುತ್ತೇನೆ. ಹಸಿರು ಒತ್ತಡವನ್ನು ತಗ್ಗಿಸಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಾಗೆ ನೆರವಾದದ್ದು ಊರಿನ ಹೆಸರಾಂತ ವಿಶಾಲ ಉದ್ಯಾನಕ್ಕಿಂತ ಹೆಚ್ಚಾಗಿ, ಕಿಟಕಿಯಿಂದ ಕಾಣುವ ಅಥವಾ ನಾಲ್ಕು ಹೆಜ್ಜೆಯಲ್ಲಿ ತಲುಪಬಹುದಾದ ಹಸಿರು ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಆ ದಿನಗಳ ಒತ್ತಡ ಯಾವ ಬಗೆಯದಾಗಿತ್ತು ಎಂಬುದನ್ನು ಮೊದಲು ಬಿಡಿಸಿ ನೋಡೋಣ. ಸೋಂಕಿನ ಭಯ, ಸಂಪಾದನೆ ನಿಂತುಹೋಗುವ ಆತಂಕ, ಆಪ್ತರನ್ನು ಕಾಣಲಾಗದ ಸಂಕಟ ಇದ್ದೇ ಇದ್ದವು. ಇವುಗಳ ಜೊತೆಗೆ ಇನ್ನೊಂದು ದಣಿವೂ ಸೇರಿಕೊಂಡಿತ್ತು: ಕಚೇರಿ, ಶಾಲೆ, ಅಡುಗೆ, ನಿದ್ರೆ ಎಲ್ಲವೂ ಒಂದೇ ಸೂರಿನಡಿ, ಎಷ್ಟೋ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ನಡೆಯಬೇಕಾಗಿ, ದಿನವಿಡೀ ಪರದೆಯ ಮೇಲೆ ಗಮನವನ್ನು ಬಲವಂತವಾಗಿ ಹಿಡಿದಿಟ್ಟುಕೊಂಡದ್ದರಿಂದ ಬಂದ ದಣಿವು ಅದು. ಮನಶ್ಶಾಸ್ತ್ರಜ್ಞ ದಂಪತಿ ರೇಚೆಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ 1989ರಲ್ಲಿ ವಿಸ್ತಾರವಾಗಿ ಮಂಡಿಸಿದ ವಿಚಾರ ಇಲ್ಲಿ ಬಹಳ ಉಪಯುಕ್ತವಾದುದು. ಪ್ರಯತ್ನಪೂರ್ವಕವಾಗಿ ಗಮನ ಕೊಡುವ ಶಕ್ತಿ ಬಳಸಿದಷ್ಟೂ ಸವೆಯುತ್ತದೆ. ಅದು ಸವೆದಾಗ ಸಿಡುಕು, ಮರೆವು, ಚಿಕ್ಕ ತೀರ್ಮಾನಕ್ಕೂ ತಡಕಾಡುವ ಸ್ಥಿತಿ ಕಾಣಿಸಿಕೊಳ್ಳುತ್ತವೆ. ಗಾಳಿಗೆ ಅಲುಗುವ ಎಲೆ, ಸರಿಯುವ ಮೋಡ, ನೀರಿನ ಮೇಲೆ ಬಿದ್ದ ಬೆಳಕು ನಮ್ಮ ಗಮನವನ್ನು ತಾವಾಗಿಯೇ ಸೆಳೆಯುತ್ತವೆಯೇ ಹೊರತು ನಮ್ಮಿಂದ ಏನನ್ನೂ ಬೇಡುವುದಿಲ್ಲವಾದ್ದರಿಂದ, ಅವುಗಳ ಸನ್ನಿಧಿಯಲ್ಲಿ ಆ ಶಕ್ತಿಗೆ ವಿಶ್ರಾಂತಿ ದೊರೆಯುತ್ತದೆ ಎಂಬುದು ಅವರ ವಾದದ ತಿರುಳು. ನಿತ್ಯದ ಪರಿಸರದಿಂದ ಹೊರಗೆ ಬಂದೆನೆಂಬ ಭಾವವೂ ಈ ಚೇತರಿಕೆಗೆ ಅಗತ್ಯ ಎಂದು ಅವರು ಹೇಳಿದ್ದಾರೆ. ಲಾಕ್‌ಡೌನ್ ನಮ್ಮಿಂದ ಕಸಿದುಕೊಂಡದ್ದು ನಿಖರವಾಗಿ ಅದನ್ನೇ.

ದೇಹದ ಮಟ್ಟದಲ್ಲಿಯೂ ಇದಕ್ಕೆ ಆಧಾರಗಳಿವೆ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಮೊದಲು ನೆನಪಾಗುವಂಥದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಇದು ಸಣ್ಣ ಅಧ್ಯಯನವೇ ಸರಿ. ಆದರೂ ಮನೆಯಲ್ಲಿ ಬಂದಿಯಾದವರ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ಹಳೆಯ ಸಾಕ್ಷ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಆ ರೋಗಿಗಳೂ ಹಾಸಿಗೆ ಬಿಟ್ಟು ಮರದ ಬಳಿಗೆ ಹೋಗಿರಲಿಲ್ಲ, ಬರೀ ನೋಡುತ್ತಿದ್ದರು. 2019ರಲ್ಲಿ ಮೇರಿ ಕರೋಲ್ ಹಂಟರ್ ಮತ್ತು ಸಹೋದ್ಯೋಗಿಗಳು ನಗರವಾಸಿಗಳ ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಎಂಟು ವಾರಗಳ ಅವಧಿಯಲ್ಲಿ ಅಳೆದಾಗ, ಪ್ರಕೃತಿಯ ನಡುವೆ ಕಳೆದ ಸಮಯಕ್ಕೆ ಅತಿ ಹೆಚ್ಚಿನ ಪ್ರತಿಫಲ ಸಿಕ್ಕಿದ್ದು 20ರಿಂದ 30 ನಿಮಿಷಗಳ ಹೊತ್ತಿಗೆ ಎಂದು ಕಂಡುಬಂತು. ಅದರ ನಂತರವೂ ಪ್ರಯೋಜನ ಮುಂದುವರಿಯಿತು, ಆದರೆ ನಿಧಾನವಾಗಿ. ದಿನವಿಡೀ ಬಿಡುವು ಸಿಗದವರಿಗೆ ಇದು ಧೈರ್ಯ ಕೊಡುವ ಸಂಗತಿ.

ಇನ್ನು ಸಾಂಕ್ರಾಮಿಕದ ಕಾಲಕ್ಕೇ ಬರೋಣ. ನಾರ್ವೆಯ ಓಸ್ಲೋ ನಗರದಲ್ಲಿ 2020ರ ಲಾಕ್‌ಡೌನ್ ವೇಳೆ ಜನರ ಹೊರಾಂಗಣ ಚಟುವಟಿಕೆ, ಹಿಂದಿನ ಮೂರು ವರ್ಷಗಳ ಅದೇ ದಿನಗಳ ಸರಾಸರಿಗಿಂತ ಶೇಕಡಾ 291ರಷ್ಟು ಹೆಚ್ಚಿತ್ತೆಂದು ಸಂಶೋಧಕರು ಲೆಕ್ಕ ಹಾಕಿದರು. ಅಲ್ಲಿ ಹೊರಗೆ ನಡೆದಾಡುವುದಕ್ಕೆ ತಡೆಯಿರಲಿಲ್ಲ. ಜಿಮ್, ಚಿತ್ರಮಂದಿರಗಳ ದಾರಿ ಮುಚ್ಚಿದಾಗ ಜನ ತಾವಾಗಿಯೇ ಮರಗಳತ್ತ ಹೊರಟರು. ಜಪಾನಿನ ಟೋಕಿಯೋದಲ್ಲಿ ಮಸಾಶಿ ಸೋಗಾ ಮತ್ತು ಸಂಗಡಿಗರು 3000 ಮಂದಿಯ ಸಮೀಕ್ಷೆ ನಡೆಸಿ, ಹಸಿರು ತಾಣಗಳಿಗೆ ಆಗಾಗ ಹೋಗುತ್ತಿದ್ದವರಲ್ಲಿ ಮಾತ್ರವಲ್ಲ, ಮನೆಯ ಕಿಟಕಿಯಿಂದ ಹಸಿರು ಕಾಣುತ್ತಿದ್ದವರಲ್ಲಿಯೂ ಖಿನ್ನತೆ, ಆತಂಕ, ಒಂಟಿತನಗಳು ಕಡಿಮೆಯಿದ್ದು, ಆತ್ಮಗೌರವ ಮತ್ತು ಸಂತೋಷ ಹೆಚ್ಚಿದ್ದುದನ್ನು ಗುರುತಿಸಿದರು. ಒಂಬತ್ತು ದೇಶಗಳಲ್ಲಿ ನಡೆದ ಇನ್ನೊಂದು ಸಮೀಕ್ಷೆಯೂ ನಿರ್ಬಂಧ ಬಿಗಿಯಾಗಿದ್ದ ಕಡೆಗಳಲ್ಲೇ ಹಸಿರು ಮತ್ತು ನೀರಿನ ನೋಟಗಳು ಜನರಿಗೆ ಹೆಚ್ಚು ನೆರವಾದವೆಂಬ ಕಡೆಗೇ ಬೆರಳು ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇವುಗಳಲ್ಲಿ ಹೆಚ್ಚಿನವು ಜನರನ್ನು ಪ್ರಶ್ನಿಸಿ ಪಡೆದ ಉತ್ತರಗಳು. ಮರಗಳಿರುವ ಬೀದಿಯಲ್ಲಿ ಮನೆ ಮಾಡಿರುವವರು ಸಾಮಾನ್ಯವಾಗಿ ಅನುಕೂಲಸ್ಥರೂ ಆಗಿರುತ್ತಾರೆ. ಮನಸ್ಸು ಹಗುರವಾಗಿರುವವರೇ ಹೊರಗೆ ಹೆಚ್ಚು ಹೋಗುತ್ತಾರೆ ಎಂಬುದೂ ಸಾಧ್ಯ. ಸಂಶೋಧಕರು ವಯಸ್ಸು, ಆದಾಯಗಳಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಸಮೀಕ್ಷೆಯೊಂದರಿಂದಲೇ ಪೂರ್ತಿಯಾಗಿ ಬೇರ್ಪಡಿಸಲಾಗದು. ಹೀಗಿದ್ದರೂ ಪ್ರಯೋಗಾಲಯದ ಅಳತೆಗಳು, ಆಸ್ಪತ್ರೆಯ ದಾಖಲೆಗಳು ಮತ್ತು ಲಾಕ್‌ಡೌನ್ ಕಾಲದ ಸಮೀಕ್ಷೆಗಳು ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಸೇರುವುದರಿಂದ ನಾನು ಈ ನಂಟನ್ನು ನಂಬುತ್ತೇನೆ.

ನನ್ನ ವೃತ್ತಿಯ ದೃಷ್ಟಿಯಿಂದ ನನ್ನನ್ನು ಹೆಚ್ಚು ನೋಯಿಸಿದ ವಿಷಯ ಬೇರೆ. ಹಸಿರು ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲೇ ಅನೇಕ ನಗರಗಳು ಅದಕ್ಕೆ ಬೀಗ ಹಾಕಿದವು. ಪ್ಯಾರಿಸ್‌ನ ಉದ್ಯಾನಗಳು 2020ರ ಮಾರ್ಚ್ ಮಧ್ಯದಿಂದ ಮೇ ತಿಂಗಳ ಕೊನೆಯವರೆಗೆ ಮುಚ್ಚಿದ್ದವು. ಸ್ಪೇನ್‌ನಲ್ಲಿ ಮಾರ್ಚ್ 14ರಂದು ನಿರ್ಬಂಧ ಘೋಷಣೆಯಾದ ಮೇಲೆ, ಮಕ್ಕಳಿಗೆ ನಡೆದಾಡಲು ಹೊರಗೆ ಬರುವ ಅವಕಾಶ ದೊರೆತದ್ದು ಏಪ್ರಿಲ್ 26ರಂದು. ಆರಂಭದ ವಾರಗಳಲ್ಲಿ ವೈರಾಣುವಿನ ನಡೆ ಯಾರಿಗೂ ತಿಳಿದಿರದಿದ್ದಾಗ ಅಂಥ ಕ್ರಮವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ವರದಿಯಾದ ಸೋಂಕುಗಳಲ್ಲಿ ಹೊರಾಂಗಣದಲ್ಲಿ ತಗುಲಿದವು ಶೇಕಡಾ 10ಕ್ಕಿಂತ ಕಡಿಮೆ ಎಂಬ ಚಿತ್ರ ಅಧ್ಯಯನಗಳ ಪರಾಮರ್ಶೆಯಿಂದ ಮೂಡಿದ ಮೇಲೂ ಗೇಟು ಮುಚ್ಚಿಟ್ಟದ್ದಕ್ಕೆ ಸಮರ್ಥನೆ ಇರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಂಪು ಸೇರದಂತೆ ನೋಡಿಕೊಳ್ಳುವ ದಾರಿಗಳಿದ್ದವು. ನ್ಯೂಯಾರ್ಕ್‌ನ ಡೊಮಿನೋ ಪಾರ್ಕ್‌ನಲ್ಲಿ 2020ರ ಮೇ ತಿಂಗಳಲ್ಲಿ ಹುಲ್ಲುಹಾಸಿನ ಮೇಲೆ ಬಿಳಿ ವೃತ್ತಗಳನ್ನು ಬರೆದು, ಒಂದೊಂದು ಕುಟುಂಬ ಒಂದೊಂದು ವೃತ್ತದೊಳಗೆ ಕೂರುವಂತೆ ಮಾಡಿದರು. ಬಣ್ಣ ಮತ್ತು ಅಳತೆಪಟ್ಟಿಯಿಂದ ಮುಗಿದ ಕೆಲಸ ಅದು. ಇನ್ನು ಕೆಲವೆಡೆ ಉದ್ಯಾನ ತೆರೆದಿದ್ದರೂ ಬೆಂಚುಗಳಿಗೆ ಟೇಪು ಸುತ್ತಲಾಗಿತ್ತು. ಮಂಡಿನೋವಿರುವ ನನ್ನ ತಾಯಿಗೆ ನಡುವೆ ಕೂರಲು ಜಾಗವಿಲ್ಲದ ಉದ್ಯಾನ ಮುಚ್ಚಿದ ಉದ್ಯಾನವೇ ಆಗಿತ್ತು. ಈ ಸೂಕ್ಷ್ಮ ಆದೇಶ ಬರೆಯುವವರ ಕಣ್ಣಿಗೆ ಬಿದ್ದಿರಲಿಲ್ಲ.

ಮುಚ್ಚಿದ ಗೇಟಿನ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ ಎಂಬುದನ್ನೂ ಮರೆಯಬಾರದು. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2020ರ ಮೇ ತಿಂಗಳಲ್ಲಿ ಹೇಳಿದಂತೆ, ಅಲ್ಲಿ ಎಂಟು ಮನೆಗಳಲ್ಲಿ ಒಂದಕ್ಕೆ ಸ್ವಂತದ ಅಥವಾ ಹಂಚಿಕೊಂಡ ಕೈತೋಟವಿಲ್ಲ. ಇಂಗ್ಲೆಂಡಿನಲ್ಲಿ ಮನೆಗೆ ಸೇರಿದ ಹೊರಜಾಗವೇ ಇಲ್ಲದಿರುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಹಿತ್ತಲಿರುವವರಿಗೆ ಪಾರ್ಕ್ ಮುಚ್ಚಿದ್ದು ಒಂದು ಅನನುಕೂಲ. ಹಿತ್ತಲಿಲ್ಲದವರಿಗೆ ಇದ್ದ ಒಂದೇ ಬಯಲೂ ಕೈತಪ್ಪಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹೊರಗೆ ಹೋಗಲು ಸ್ವಲ್ಪವಾದರೂ ಅವಕಾಶವಿದ್ದರೆ, ಪಾರ್ಕ್ ಇಲ್ಲವೆಂದು ಕೈಚೆಲ್ಲಬೇಡಿ. ಎರಡು ಬದಿಯಲ್ಲಿ ಮರಗಳಿರುವ ಒಂದು ಬೀದಿಯನ್ನು ಗುರುತಿಸಿಕೊಂಡು, ಜನ ಕಡಿಮೆ ಇರುವ ಮುಂಜಾನೆ ಅಲ್ಲಿ ಇಪ್ಪತ್ತು ಮೂವತ್ತು ನಿಮಿಷ ನಡೆಯಿರಿ. ಮುಂಜಾನೆಯ ಬೆಳಕಿಗೆ ದೇಹದ ಗಡಿಯಾರವನ್ನು ಸರಿದಾರಿಗೆ ತರುವ ಗುಣವಿರುವುದರಿಂದ ರಾತ್ರಿಯ ನಿದ್ರೆಗೂ ಅದು ಸಹಾಯಕ. ಫೋನನ್ನು ಮನೆಯಲ್ಲಿ ಬಿಡಲಾಗದಿದ್ದರೆ ಜೇಬಿನಲ್ಲಾದರೂ ಇರಲಿ, ಏಕೆಂದರೆ ಮರದ ಕೆಳಗೆ ನಿಂತು ಸೋಂಕಿನ ಸುದ್ದಿ ಓದುವವರ ಗಮನಕ್ಕೆ ಯಾವ ವಿಶ್ರಾಂತಿಯೂ ಸಿಗುವುದಿಲ್ಲ. ಕೆರೆಯಂಚು, ಸ್ಮಶಾನದ ಮರಗಳ ಸಾಲು, ಕಾಲೇಜಿನ ಆವರಣ ಇವನ್ನೂ ಜನ ಉದ್ಯಾನಗಳೆಂದು ಲೆಕ್ಕಿಸದೆ ಬಿಟ್ಟುಬಿಡುತ್ತಾರೆ. ಪ್ರವೇಶಕ್ಕೆ ಅನುಮತಿ ಇರುವಲ್ಲಿ ಅವೂ ಅಷ್ಟೇ ಉಪಯುಕ್ತ.

ಹೊರಗೆ ಹೋಗಲಾಗದಿದ್ದರೆ ಕಿಟಕಿಯಿಂದ ಆರಂಭಿಸಿ. ನಾನು ಮಾಡಿದ್ದು ಇಷ್ಟೇ: ಕೆಲಸದ ಮೇಜನ್ನು ಗೋಡೆಯ ಕಡೆಯಿಂದ ತಿರುಗಿಸಿ, ಕತ್ತೆತ್ತಿದರೆ ಎದುರು ಮನೆಯವರ ಮರದ ತುದಿ ಕಾಣುವಂತೆ ಇಟ್ಟುಕೊಂಡೆ. ಆ ಕೋಣೆಯಲ್ಲಿ ಅದಕ್ಕಿಂತ ಪರಿಣಾಮಕಾರಿಯಾದ ಬದಲಾವಣೆಯನ್ನು ನಾನು ಬೇರೆ ಮಾಡಲಿಲ್ಲ. ಮರವೇ ಕಾಣದಿದ್ದರೆ ಆಕಾಶದ ಒಂದು ತುಣುಕೂ ಸಾಕು ಎನ್ನುವಷ್ಟು ಉದಾರವಾಗಿ ನಾನು ಹೇಳಲಾರೆ, ಆದರೆ ಗೋಡೆಗಿಂತ ಅದು ಮೇಲು. ಕುಂಡದ ಗಿಡಗಳ ವಿಷಯದಲ್ಲಿ ಮಿತವಾದ ನಿರೀಕ್ಷೆ ಇರಲಿ. ಅವು ಉದ್ಯಾನಕ್ಕೆ ಬದಲಿಯಲ್ಲ. ಅವುಗಳಿಂದ ಆಗುವ ಉಪಕಾರ ಬೇರೆ ರೀತಿಯದು: ಎಲ್ಲ ದಿನಗಳೂ ಒಂದೇ ತೆರನಾಗಿ ಕಾಣುವಾಗ, ನಿನ್ನೆ ಇಲ್ಲದ ಒಂದು ಚಿಗುರು ಇಂದು ಕಾಣಿಸಿದರೆ ಕಾಲ ಸರಿಯುತ್ತಿದೆ ಎಂಬ ಅರಿವು ಮೂಡುತ್ತದೆ, ನೀರು ಹಾಕುವ ಹೊಣೆ ದಿನಕ್ಕೊಂದು ಕ್ರಮವನ್ನು ತರುತ್ತದೆ. ಬೆಳಕು ಕಡಿಮೆಯಿರುವ ಮನೆಗೆ ಮನಿ ಪ್ಲಾಂಟ್‌ನಂಥ ಗಟ್ಟಿ ಬಳ್ಳಿಯನ್ನೇ ಆರಿಸಿಕೊಳ್ಳಿ. ಬಾಡಿಹೋಗುವ ಗಿಡ ಬೇಸರವನ್ನೇ ಹೆಚ್ಚಿಸುತ್ತದೆ.

ಕಿವಿಯನ್ನೂ ಬಳಸಿಕೊಳ್ಳಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 2020ರಲ್ಲಿ ವಾಹನಗಳ ಸದ್ದಡಗಿದಾಗ ಬಿಳಿ ನೆತ್ತಿಯ ಗುಬ್ಬಿಗಳು ತಗ್ಗಿದ ದನಿಯಲ್ಲಿ, ಆದರೆ ಹೆಚ್ಚು ವಿಸ್ತಾರವಾದ ಸ್ವರಶ್ರೇಣಿಯಲ್ಲಿ ಹಾಡತೊಡಗಿದವೆಂದೂ, ಆ ಹಾಡು ಮೊದಲಿಗಿಂತ ಹೆಚ್ಚು ದೂರ ತಲುಪುತ್ತಿತ್ತೆಂದೂ ಎಲಿಜಬೆತ್ ಡೆರಿಬೆರಿ ಮತ್ತು ತಂಡ ದಾಖಲಿಸಿದ್ದಾರೆ. ವಾಹನ ನಿಂತ ನಗರದಲ್ಲಿ ಮೂರನೆಯ ಮಹಡಿಯ ಕಿಟಕಿಗೂ ಹಕ್ಕಿಯ ದನಿ ಕೇಳುತ್ತದೆ. ಬೆಳಗಿನ ಹೊತ್ತು ಕಿಟಕಿ ತೆರೆದಿಡಲು ಇದೊಂದು ಒಳ್ಳೆಯ ಕಾರಣ.

ಇವೆಲ್ಲದರ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಕೆಲಸ ಕಳೆದುಕೊಂಡವರ ಸಂಕಷ್ಟವನ್ನು, ಆಪ್ತರನ್ನು ಕಳೆದುಕೊಂಡವರ ದುಃಖವನ್ನು, ಮನೆಯೊಳಗಿನ ಹಿಂಸೆಯನ್ನು ಯಾವ ಮರವೂ ನಿವಾರಿಸದು. ಮಂಕು ಕವಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆ, ನಿದ್ರೆಯ ಏರುಪೇರು ಎರಡು ವಾರ ಮೀರಿ ಬಿಡದೆ ಮುಂದುವರಿದರೆ ವೈದ್ಯರನ್ನು ಕಾಣಿರಿ; ಬದುಕು ಬೇಡವೆನಿಸಿದರೆ ಎರಡು ವಾರ ಕಾಯದೆ ಅಂದೇ ಯಾರಿಗಾದರೂ ತಿಳಿಸಿ ಚಿಕಿತ್ಸೆ ಪಡೆಯಿರಿ.

ಕೊನೆಯದಾಗಿ, ಬಾಡಿಗೆದಾರರಾದ ನೀವು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ, ಪ್ರತಿಯೊಂದು ಮನೆಯಿಂದ ಸುಮಾರು 300 ಮೀಟರ್ ಒಳಗೆ ಕನಿಷ್ಠ ಅರ್ಧ ಹೆಕ್ಟೇರ್ ಹಸಿರು ತಾಣವಿರಬೇಕೆಂಬ ಅಳತೆಯನ್ನು ಸೂಚಿಸಿದೆ. ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ ನಿಯಮ ಇನ್ನೂ ಸರಳ: ಪ್ರತಿ ಮನೆಯಿಂದ ಮೂರು ಮರಗಳಾದರೂ ಕಾಣಬೇಕು, ಬಡಾವಣೆಯ ಶೇಕಡಾ 30ರಷ್ಟು ಭಾಗಕ್ಕೆ ಮರಗಳ ನೆರಳಿರಬೇಕು, 300 ಮೀಟರ್ ಒಳಗೆ ಉದ್ಯಾನವಿರಬೇಕು. ನಿಮ್ಮ ಬೀದಿಯನ್ನು ಈ ಮೂರು ಅಳತೆಗಳಿಂದ ಪರೀಕ್ಷಿಸಿ, ಕೊರತೆಯಿರುವುದನ್ನು ಸ್ಥಳೀಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಿರಿ. ಅದೇ ಪತ್ರದಲ್ಲಿ, ಮುಂದೆ ಯಾವುದೇ ಸಾಂಕ್ರಾಮಿಕ ಬಂದರೂ ಉದ್ಯಾನಗಳನ್ನು ಪೂರ್ತಿಯಾಗಿ ಮುಚ್ಚದೆ ಬಡಾವಣೆಗೊಂದು ವೇಳೆ ನಿಗದಿಪಡಿಸಿ ತೆರೆದಿಡಬೇಕು ಮತ್ತು ವೃದ್ಧರಿಗಾಗಿ ದೂರ ದೂರದ ಕೆಲವು ಬೆಂಚುಗಳನ್ನು ಬಳಕೆಗೆ ಬಿಡಬೇಕು ಎಂಬ ಎರಡು ಬೇಡಿಕೆಗಳನ್ನೂ ಸೇರಿಸಿರಿ.