ಇಂಜೆಕ್ಟರ್ ಬದಲಿಸುವ ಮುನ್ನ ಹೊಗೆಯನ್ನು ನೋಡಿ

ಪ್ರಶ್ನೆ: ನನ್ನ ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಕಾರು 2,40,000 ಕಿಲೋಮೀಟರ್ ಓಡಿದೆ. ಮಳೆಗಾಲ ಹಿಡಿದಾಗಿನಿಂದ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದು ಸಿಲಿಂಡರ್ ಕೆಲಸ ಮಾಡದಂತೆ ಎಂಜಿನ್ ನಡುಗುತ್ತದೆ, ಬಿಳಿ ಹೊಗೆ ಬರುತ್ತದೆ. ಮೂರ್ನಾಲ್ಕು ನಿಮಿಷದಲ್ಲಿ ಎರಡೂ ನಿಲ್ಲುತ್ತವೆ. ಆಮೇಲೆ ಆಗುಂಬೆ ಘಾಟಿಯನ್ನೂ ತಕರಾರಿಲ್ಲದೆ ಹತ್ತುತ್ತದೆ. ಸ್ಕ್ಯಾನರ್ ಹಾಕಿ ನೋಡಿದ ಮೆಕ್ಯಾನಿಕ್, ಮೂರನೆಯ ಇಂಜೆಕ್ಟರಿನ ಕರೆಕ್ಷನ್ ಹೆಚ್ಚಿದೆ, ನಾಲ್ಕನ್ನೂ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಎಂಜಿನ್ನನ್ನೇ ಬಿಚ್ಚಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನಿಮ್ಮ ಪತ್ರದಲ್ಲಿರುವ ದೊಡ್ಡ ಸುಳಿವು ಸ್ಕ್ಯಾನರಿನ ಅಂಕಿಯಲ್ಲ, ಬಿಳಿ ಹೊಗೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಮೂಗಿಗೆ ಅಡರುವ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದೆಯೆಂದರೆ ಆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯದೆ ಹೊರಬರುತ್ತಿದೆ ಎಂದರ್ಥ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಪೂರ್ತಿ ಸತ್ತಿದ್ದರೆ ನಡುಕ ಇರುತ್ತಿತ್ತು, ಈ ಹೊಗೆ ಇರುತ್ತಿರಲಿಲ್ಲ. ಎಂಜಿನ್ ಕಾದೊಡನೆ ದೋಷ ಮಾಯವಾಗುವುದರಿಂದ, ಕೊರತೆ ಇರುವುದು ಬಹುಶಃ ಡೀಸೆಲಿನದಲ್ಲ, ಬಿಸಿಯದು. (ಹೊಗೆಗೆ ಸಿಹಿ ವಾಸನೆಯಿದ್ದು ರೇಡಿಯೇಟರಿನ ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಗ್ಯಾಸ್ಕೆಟ್ ಕಡೆ ಸಂಶಯ ಪಡಬೇಕಾಗುತ್ತದೆ.)

ಹಾಗಾದರೆ ಸ್ಕ್ಯಾನರ್ ಸುಳ್ಳು ಹೇಳಿತೆ? ಇಲ್ಲ, ಅದು ಹೇಳಿದ್ದು ಅರ್ಧ. ಐಡ್ಲಿಂಗಿನಲ್ಲಿ ಎಂಜಿನ್ನಿನ ಕಂಪ್ಯೂಟರ್ ಪ್ರತಿ ಸಿಲಿಂಡರಿನ ಹೊಡೆತಕ್ಕೆ ಕ್ರ್ಯಾಂಕ್ ಎಷ್ಟು ಜೋರಾಗಿ ತಿರುಗಿತು ಎಂಬುದನ್ನು ಅಳೆದು, ಸೋತ ಸಿಲಿಂಡರಿಗೆ ಸ್ವಲ್ಪ ಹೆಚ್ಚು ಡೀಸೆಲ್ ಕೊಟ್ಟು ಸರಿದೂಗಿಸುತ್ತದೆ. ಕರೆಕ್ಷನ್ ಎಂದರೆ ಅಷ್ಟೇ. ಆ ಸಿಲಿಂಡರ್ ಸೋತದ್ದು ಇಂಜೆಕ್ಟರಿನಿಂದಲೋ ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ಕಡಿಮೆಯಾಗಿಯೋ ಎಂಬುದು ಕಂಪ್ಯೂಟರಿಗೆ ತಿಳಿಯದು. ಈ ವ್ಯತ್ಯಾಸವನ್ನು ಗಮನಿಸದೆ ದುಬಾರಿ ಇಂಜೆಕ್ಟರುಗಳನ್ನು ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಅದೇ ನಡುಕವನ್ನು ಕಂಡವರು ಹಲವರಿದ್ದಾರೆ.

ಮೊದಲು, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಸಿಲಿಂಡರಿಗೆ ಬಿಸಿ ಕೊಡುವ ಗ್ಲೋ ಪ್ಲಗ್ ನೋಡಿಸಿ. ಎಂಜಿನ್ ಆರಿಸಿ, ಪ್ಲಗ್ಗಿನ ವೈರ್ ಕಳಚಿ, ಮಲ್ಟಿಮೀಟರಿನಲ್ಲಿ ಅಳೆದರೆ ಒಳ್ಳೆಯ ಪ್ಲಗ್ ಒಂದು ಓಮಿನ ಆಸುಪಾಸು ತೋರಿಸುತ್ತದೆ. ಸುಟ್ಟದ್ದು ಏನನ್ನೂ ತೋರಿಸುವುದಿಲ್ಲ. ಪ್ಲಗ್ ಸರಿಯಿದ್ದರೂ ರಿಲೇಯಿಂದ ಕರೆಂಟ್ ಬರುತ್ತಿದೆಯೇ ಎಂದು ನೋಡಬೇಕು, ಏಕೆಂದರೆ ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸಂಸಾರ ಹೂಡುವ ಇಲಿಗಳು ವೈರನ್ನು ಬಿಡುವುದಿಲ್ಲ. ಇಷ್ಟು ಓಡಿದ ಎಂಜಿನ್ನಿನಲ್ಲಿ ಪ್ಲಗ್ಗುಗಳು ಮಸಿಯಿಂದ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಸಡಿಲಿಸುವ ಎಣ್ಣೆ ಬಿಟ್ಟು, ಎಂಜಿನ್ ಬಿಸಿಯಿದ್ದಾಗ ನಿಧಾನವಾಗಿ ತಿರುಗಿಸಲು ಹೇಳಿ. ಬಲ ಹಾಕಿ ತುಂಡಾದರೆ ಹೆಡ್ ಇಳಿಸುವ ಕೆಲಸ ಬೀಳಬಹುದು.

ಪ್ಲಗ್ ತೆಗೆದ ತೂತಿನಲ್ಲೇ ಡೀಸೆಲ್ ಕಂಪ್ರೆಷನ್ ಗೇಜ್ ಕೂರಿಸಬಹುದಾದ್ದರಿಂದ ಎರಡನ್ನೂ ಒಂದೇ ದಿನ ಮುಗಿಸಿ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಸಿಗುತ್ತದೆ. ನಿಮ್ಮ ಕಾರಿನ ಮಿತಿ ಕಂಪನಿಯ ಕೈಪಿಡಿಯಲ್ಲಿರುತ್ತದೆ. ನನಗೆ ಆ ಅಂಕಿಗಿಂತ ಮುಖ್ಯವೆನಿಸುವುದು ನಾಲ್ಕರ ನಡುವಿನ ಅಂತರ. ಮೂರು ಹತ್ತಿರ ಹತ್ತಿರವಿದ್ದು ಮೂರನೆಯ ಸಿಲಿಂಡರ್ ಒಂದೇ ತೀರಾ ಕೆಳಗಿದ್ದರೆ ದೋಷ ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಆಗ ಎಂಜಿನ್ ಬಿಚ್ಚಬೇಕೆಂದವರ ಮಾತಿಗೆ ಬೆಲೆ ಬರುತ್ತದೆ.

ಅದಕ್ಕೂ ಮೊದಲು ಇಂಜೆಕ್ಟರಿನ ಬುಡವನ್ನೊಮ್ಮೆ ನೋಡಿ. ಅಲ್ಲಿ ಡಾಂಬರಿನಂತೆ ಕಪ್ಪು ಗಟ್ಟಿಯಾಗಿದ್ದು, ಎಂಜಿನ್ ತಿರುಗುವಾಗ ಚುಸ್ ಚುಸ್ ಎಂಬ ಸದ್ದು ಬರುತ್ತಿದ್ದರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ಕಂಪ್ರೆಷನ್ ಅಲ್ಲಿಂದಲೇ ಹೋಗುತ್ತದೆ, ವಾಷರಿನ ಬೆಲೆಯೋ ತೀರಾ ಅಲ್ಪ.

ಇವೆಲ್ಲ ಸರಿಯಿದ್ದರೆ ಮಾತ್ರ ಇಂಜೆಕ್ಟರಿಗೆ ಬನ್ನಿ. ನಾಲ್ಕು ಬಾಟಲಿ ಕಟ್ಟಿ ರಿಟರ್ನ್ ಡೀಸೆಲ್ (ಇಂಜೆಕ್ಟರಿನಿಂದ ಹಿಂದಕ್ಕೆ ಮರಳುವ ಡೀಸೆಲ್) ಅಳೆಯುವ ಪರೀಕ್ಷೆ ಇಂಜೆಕ್ಟರಿನ ಒಳಗಿನ ಸವೆತವನ್ನು ತೋರಿಸುತ್ತದೆಯೇ ಹೊರತು ತುದಿಯ ನಾಜಲ್ ತೊಟ್ಟಿಕ್ಕುತ್ತಿದೆಯೇ ಎಂಬುದನ್ನಲ್ಲ; ಅದಕ್ಕೆ ಕಳಚಿದ ಇಂಜೆಕ್ಟರನ್ನು ಪರೀಕ್ಷಿಸುವ ಯಂತ್ರವಾದ ಟೆಸ್ಟ್ ಬೆಂಚೇ ಬೇಕು. ಮೂರನೆಯದನ್ನು ಒಂದನೆಯದರ ಜಾಗಕ್ಕೆ ಹಾಕಿ ನೋಡುವುದು ಇನ್ನೊಂದು ದಾರಿ. ಮೈಮೇಲೆ ತನ್ನದೇ ಕೋಡ್ ಇರುವ ಇಂಜೆಕ್ಟರಾದರೆ ಕಂಪ್ಯೂಟರಿನಲ್ಲಿ ಕೋಡನ್ನೂ ಅದಲುಬದಲು ಮಾಡಿಸಿ, ವಾಷರ್ ಹೊಸದು ಹಾಕಿಸಿ. ದೋಷ ಒಂದನೆಯ ಸಿಲಿಂಡರಿಗೆ ವಲಸೆ ಹೋದರೆ ಅದೊಂದು ಇಂಜೆಕ್ಟರನ್ನು ಬೆಂಚಿಗೆ ಕಳಿಸಿ. ನಾಲ್ಕನ್ನೂ ಬದಲಿಸಲು ಆಗಲೂ ಕಾರಣವಿಲ್ಲ.

ಪ್ರಶ್ನೆ: ನಮ್ಮ ಹಳೆಯ ಜೀಪಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ, ಯಾವ ಸಿಲಿಂಡರ್ ಸೋತಿದೆ ಎಂದು ಪತ್ತೆ ಮಾಡುತ್ತಿದ್ದೆವು. ಈಗಿನ ಕಾರಿನಲ್ಲೂ ಮಾಡಬಹುದೆ?
– ಓದುಗರು, ಹೊಸನಗರ

ಉತ್ತರ: ಖಂಡಿತ ಬೇಡ. ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ ಐಡ್ಲಿಂಗಿನಲ್ಲೇ ಸುಮಾರು 250 ಬಾರ್, ಏರು ಹತ್ತುವಾಗ ಸಾವಿರಕ್ಕೂ ಮೀರಿದ ಒತ್ತಡವಿರುತ್ತದೆ. ನಟ್ಟಿನ ಸಂದಿಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದೇ ಪರೀಕ್ಷೆಯನ್ನು ಸ್ಕ್ಯಾನರಿನಿಂದ ಒಂದೊಂದೇ ಇಂಜೆಕ್ಟರನ್ನು ನಿಲ್ಲಿಸಿ ಮಾಡಬಹುದು: ಯಾವುದನ್ನು ನಿಲ್ಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಸೋತ ಸಿಲಿಂಡರ್.